ಡಬ್ಬಿಯ ಮೇಲಿನ 6,000 ಗಂಟೆ

ಸಿಎಫ್‌ಎಲ್ ಬಲ್ಬಿನ ಡಬ್ಬಿಯ ಮೇಲೆ 6,000 ಗಂಟೆ ಎಂದು ಬರೆದಿರುತ್ತದೆ. ಕೆಲವು ಕಂಪನಿಗಳದ್ದು 8,000, ಇನ್ನು ಕೆಲವರದ್ದು 10,000. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ 6,000 ಗಂಟೆ ಮುಗಿಯಲು ನಾಲ್ಕು ವರ್ಷ ದಾಟಬೇಕು. ಆದರೆ ಈ ಬಲ್ಬು ಮನೆಮನೆಗೆ ಬಂದ ಕಾಲದಿಂದಲೂ ಎಲೆಕ್ಟ್ರಿಕಲ್ ಅಂಗಡಿಯವರು ಕೇಳುತ್ತ ಬಂದ ದೂರು ಒಂದೇ: ವರ್ಷ ತುಂಬುವ ಮೊದಲೇ ಹೋಯಿತು. ಹಾಗೆ ದೂರುವವರ ಮನೆಯಲ್ಲೇ ಜಗಲಿಯ ಮೇಲಿನ ಇನ್ನೊಂದು ಸಿಎಫ್‌ಎಲ್ ಆರೇಳು ವರ್ಷದಿಂದ ತಣ್ಣಗೆ ಉರಿಯುತ್ತಿರುತ್ತದೆ, ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಒಂದೇ ಕಂಪನಿ, ಒಂದೇ ದಿನ ಕೊಂಡಿದ್ದು, ಆಯುಷ್ಯದಲ್ಲಿ ಮಾತ್ರ ಇಷ್ಟು ಅಂತರ. ಕಂಪನಿಯ ಮೋಸ ಎಂದುಬಿಟ್ಟರೆ ಈ ಅಂತರಕ್ಕೆ ಉತ್ತರ ಸಿಗುವುದಿಲ್ಲ. ನನ್ನ ವಾದವಿಷ್ಟೆ: ಡಬ್ಬಿಯ ಮೇಲಿನ ಸಂಖ್ಯೆ ಸುಳ್ಳಲ್ಲ, ಆದರೆ ಅದು ಪ್ರಯೋಗಾಲಯದ ಬಲ್ಬಿನ ಸಂಖ್ಯೆ. ನಮ್ಮ ಮನೆಯ ಬಲ್ಬು ಎಷ್ಟು ದಿನ ಬಾಳುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದನ್ನು ಹಾಕಿದ ಜಾಗ.

ಮೊದಲು ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಒಂದಷ್ಟು ಬಲ್ಬುಗಳನ್ನು ಗಾಳಿಯಾಡುವ ಜಾಗದಲ್ಲಿ, ಸುಮಾರು 25 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ, ಏರಿಳಿತವಿಲ್ಲದ ವೋಲ್ಟೇಜಿನಲ್ಲಿ ಉರಿಸುತ್ತಾರೆ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಎರಡು ಗಂಟೆ ನಲವತ್ತೈದು ನಿಮಿಷ ಉರಿಸಿ, ಹದಿನೈದು ನಿಮಿಷ ಆರಿಸಿ, ಮತ್ತೆ ಹಚ್ಚುತ್ತಾರೆ. ಹೀಗೆ ನಡೆಯುತ್ತ ಅರ್ಧದಷ್ಟು ಬಲ್ಬುಗಳು ಹೋದಾಗ ಎಷ್ಟು ಗಂಟೆಯಾಗಿತ್ತೋ ಅದೇ ಡಬ್ಬಿಯ ಮೇಲೆ ಅಚ್ಚಾಗುವ ಆಯುಷ್ಯ. ಎಂದರೆ, ಇಂಥ ಆದರ್ಶ ಸ್ಥಿತಿಯಲ್ಲೂ ಅರ್ಧದಷ್ಟು ಬಲ್ಬುಗಳು ಆ ಗಂಟೆ ಮುಟ್ಟುವುದಿಲ್ಲ. 6,000 ಎಂಬುದನ್ನು ನಾವು ‘ಕನಿಷ್ಠ ಇಷ್ಟು’ ಎಂದು ಓದಿಕೊಳ್ಳುತ್ತೇವೆ, ಕಂಪನಿ ಹೇಳುತ್ತಿರುವುದು ‘ಅರ್ಧದಷ್ಟು ಇಷ್ಟರೊಳಗೆ ಹೋಗುತ್ತವೆ’ ಎಂದು. ಈ ಎರಡು ಓದಿನ ನಡುವೆಯೇ ಅರ್ಧ ಜಗಳ ಹುಟ್ಟಿದೆ. ಡಬ್ಬಿಯ ಅಂಚಿನಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಲು ಕಂಪನಿಗಳಿಗೆ ಏನೂ ಕಷ್ಟವಿರಲಿಲ್ಲ ಎಂಬುದೂ ನಿಜ.

ಮನೆಯಲ್ಲಿ ಯಾರೂ ಎರಡೂ ಮುಕ್ಕಾಲು ಗಂಟೆಗೊಮ್ಮೆ ಸ್ವಿಚ್ ಒತ್ತುವುದಿಲ್ಲ. ಪದೇ ಪದೇ ಒತ್ತಿದರೆ ಏನಾಗುತ್ತದೆ ಎಂದು ತಿಳಿಯಲು ಬಲ್ಬಿನ ಒಳಗನ್ನು ನೋಡಬೇಕು. ಸಿಎಫ್‌ಎಲ್ ಎಂದರೆ ಮಡಚಿದ ಟ್ಯೂಬ್‌ಲೈಟೇ. 1973ರ ತೈಲ ಬಿಕ್ಕಟ್ಟಿನ ನಂತರ ಜನರಲ್ ಎಲೆಕ್ಟ್ರಿಕ್‌ನ ಎಡ್ವರ್ಡ್ ಹ್ಯಾಮರ್ ಸುರುಳಿ ಸುತ್ತಿದ ನಳಿಕೆ ತಯಾರಿಸಿದರು, 1980ರಲ್ಲಿ ಫಿಲಿಪ್ಸ್ ಕಂಪನಿ ಬೇರೊಂದು ಆಕಾರದಲ್ಲಿ ಸಿಎಫ್‌ಎಲ್ ಅನ್ನು ಮಾರುಕಟ್ಟೆಗೆ ತಂದಿತು. ಆಕಾರ ಯಾವುದಾದರೂ ಒಳಗಿನ ಕೆಲಸ ಒಂದೇ. ನಳಿಕೆಯ ಎರಡು ತುದಿಯಲ್ಲೂ ಟಂಗ್‌ಸ್ಟನ್ ತಂತಿಯ ಪುಟ್ಟ ಸುರುಳಿ ಇರುತ್ತದೆ. ಅದಕ್ಕೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಆಕ್ಸೈಡುಗಳ ಲೇಪ. ಬಿಸಿಯಾದಾಗ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವುದು ಈ ಲೇಪವೇ. ಸ್ವಿಚ್ ಹಾಕಿದ ಕ್ಷಣದಲ್ಲಿ ಸುರುಳಿ ತಣ್ಣಗಿರುತ್ತದೆ, ಆಗ ಹೆಚ್ಚು ವೋಲ್ಟೇಜಿನಿಂದ ಬಲವಂತವಾಗಿ ಹಚ್ಚಬೇಕಾಗುತ್ತದೆ. ಆ ಹೊಡೆತಕ್ಕೆ ಲೇಪದ ಕಣಗಳು ಎದ್ದುಹೋಗಿ ಗಾಜಿನ ಒಳಮೈಗೆ ಅಂಟುತ್ತವೆ. ಹಳೆಯ ಟ್ಯೂಬ್‌ಲೈಟಿನ ತುದಿ ಕಪ್ಪಾಗುವುದು ಇದರಿಂದಲೇ. ಲೇಪ ಮುಗಿದರೆ ಬಲ್ಬಿನ ಕಥೆ ಮುಗಿಯಿತು.

ಈಗ ಸ್ವಲ್ಪ ಲೆಕ್ಕ. ಪರೀಕ್ಷೆಯ ಕ್ರಮದಲ್ಲಿ 6,000 ಗಂಟೆ ಉರಿಯುವ ಬಲ್ಬನ್ನು ಅಷ್ಟರೊಳಗೆ ಹಚ್ಚಿರುವುದು ಸುಮಾರು 2,200 ಸಲ. ಐದು ಜನರ ಮನೆಯ ಬಚ್ಚಲುಮನೆಯಲ್ಲಿ ದಿನಕ್ಕೆ ಹದಿನೈದು ಸಲ, ಸಲಕ್ಕೆ ಐದು ನಿಮಿಷದಂತೆ ದೀಪ ಹಚ್ಚುತ್ತಾರೆ ಎಂದುಕೊಳ್ಳಿ. ಐದು ತಿಂಗಳಿಗೆ ಅದೇ 2,200 ಸಲ ಆಗಿಬಿಡುತ್ತದೆ, ಬಲ್ಬು ಉರಿದಿರುವುದು ಮಾತ್ರ 200 ಗಂಟೆಯೊಳಗೆ. ಸವೆತ ಹಚ್ಚುವುದರಿಂದಷ್ಟೇ ಅಲ್ಲ ಉರಿಯುವುದರಿಂದಲೂ ಆಗುವ ಕಾರಣ ಐದೇ ತಿಂಗಳಿಗೆ ಅದು ಹೋಗಲೇಬೇಕೆಂದಿಲ್ಲ. ಆದರೂ ‘ವರ್ಷ ತುಂಬಲಿಲ್ಲ’ ಎಂಬ ದೂರಿನ ಮೂಲ ಎಲ್ಲಿದೆ ಎಂಬುದಕ್ಕೆ ಈ ಲೆಕ್ಕ ಸಾಕು. ಅಮೆರಿಕದ ಇಂಧನ ಇಲಾಖೆ ಗ್ರಾಹಕರಿಗೆ ಕೊಟ್ಟ ಸಲಹೆಯೂ ಇದನ್ನೇ ಹಿಡಿದದ್ದು: ಹದಿನೈದು ನಿಮಿಷದೊಳಗೆ ಕೋಣೆಗೆ ಮರಳುವುದಾದರೆ ಸಿಎಫ್‌ಎಲ್ ಆರಿಸಬೇಡಿ. ‘ಹೊರಗೆ ಬಂದ ಕೂಡಲೇ ಲೈಟ್ ಆರಿಸು’ ಎಂದು ಮಕ್ಕಳಿಗೆ ಹೇಳಿಕೊಟ್ಟ ನಮ್ಮ ಮನೆಗಳ ಶಿಸ್ತು ಬುರುಡೆ ಬಲ್ಬಿಗೆ ಸರಿಯಾಗಿತ್ತು, ಸಿಎಫ್‌ಎಲ್‌ಗೆ ಅಷ್ಟು ಹೊಂದಲಿಲ್ಲ.

ಎರಡನೆಯ ಶತ್ರು ಬಿಸಿ. ಸಿಎಫ್‌ಎಲ್‌ನ ಬಿಳಿ ಪ್ಲಾಸ್ಟಿಕ್ ಬುಡದೊಳಗೆ ಒಂದು ಸರ್ಕ್ಯೂಟ್ ಹಲಗೆ ಇರುತ್ತದೆ. ಟ್ಯೂಬ್‌ಲೈಟಿನ ಚೋಕ್ ಮತ್ತು ಸ್ಟಾರ್ಟರ್ ಮಾಡುತ್ತಿದ್ದ ಕೆಲಸವನ್ನೆಲ್ಲ ಅದು ಮಾಡುತ್ತದೆ: ನಾಲ್ಕು ಡಯೋಡು, ಎರಡು ಟ್ರಾನ್ಸಿಸ್ಟರು, ಒಂದು ಪುಟ್ಟ ಕಾಯಿಲ್, ಜೊತೆಗೆ ಬೆರಳ ತುದಿಯಷ್ಟು ದಪ್ಪದ ಸಿಲಿಂಡರಿನಂಥ ಕೆಪಾಸಿಟರ್. ಈ ಕೆಪಾಸಿಟರಿನೊಳಗೆ ದ್ರಾವಣ ಇರುತ್ತದೆ, ಬಿಸಿ ಏರಿದಂತೆ ಅದು ಒಣಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂದಾಜು ಸೂತ್ರ. ಬುಡ ಮೇಲಾಗಿ ನೇತುಹಾಕಿದರೆ ನಳಿಕೆಯ ಬಿಸಿಯೆಲ್ಲ ಏರಿ ಈ ಹಲಗೆಗೇ ತಗಲುತ್ತದೆ. ಅದರ ಸುತ್ತ ಅಂದಕ್ಕೆಂದು ಗಾಜಿನ ಗೋಳ ಮುಚ್ಚಿದರೆ, ಅಥವಾ ಫಾಲ್ಸ್ ಸೀಲಿಂಗಿನ ಗುಂಡಿಯೊಳಗೆ ಕೂರಿಸಿದರೆ, ಬಿಸಿ ಹೊರಹೋಗಲು ದಾರಿಯೇ ಇರುವುದಿಲ್ಲ. ಕೆಟ್ಟ ಬಲ್ಬನ್ನು ಎಸೆಯುವ ಮುನ್ನ ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಸಾಮಾನ್ಯವಾಗಿ ಕಾಣಿಸುತ್ತದೆ. ನಳಿಕೆಯ ಬುಡದ ಗಾಜು ಮಸಿ ಹಿಡಿದಂತಿದ್ದರೆ ಲೇಪ ಸವೆದು ಹೋಗಿದೆ. ಗಾಜು ಬೆಳ್ಳಗಿದ್ದು, ಪ್ಲಾಸ್ಟಿಕ್ ಕಂದು ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ಹಲಗೆ ಬೆಂದಿದೆ. ಬುಡ ಬಿಚ್ಚಿ ನೋಡುವ ಸಾಹಸ ಬೇಡ, ನಳಿಕೆ ಒಡೆದರೆ ಒಳಗಿನ ಪಾದರಸ ಹೊರಬೀಳುತ್ತದೆ.

ಕರೆಂಟಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಪರೀಕ್ಷೆ ನಡೆಯುವುದು ಸ್ಥಿರವಾದ ವೋಲ್ಟೇಜಿನಲ್ಲಿ, ಹಳ್ಳಿಯ ಲೈನಿನ ಕೊನೆಯ ಮನೆಗೆ ಸಂಜೆ ಸಿಗುವುದು ಬೇರೆಯೇ ಕರೆಂಟು. ವೋಲ್ಟೇಜ್ ಕುಸಿದಾಗ ಸುರುಳಿ ಬೇಕಾದಷ್ಟು ಕಾಯದೆ ಲೇಪ ಬೇಗ ಸವೆಯುತ್ತದೆ, ಹೋದ ಕರೆಂಟು ಮರಳುವಾಗಿನ ಹೊಡೆತಕ್ಕೆ ಹಲಗೆಯ ಬಿಡಿಭಾಗಗಳು ಹೋಗುತ್ತವೆ. ಹೆಚ್ಚಿನವರು ಗಮನಿಸದ ಇನ್ನೊಂದಿದೆ. ಸ್ವಿಚ್ ಆರಿಸಿದ ಮೇಲೂ ರಾತ್ರಿ ಕತ್ತಲಲ್ಲಿ ಸಿಎಫ್‌ಎಲ್ ಆಗಾಗ ಮಿಣುಕ್ಕೆನ್ನುವುದುಂಟು. ವೈರಿಂಗ್ ಮಾಡಿದವನು ಸ್ವಿಚ್ಚನ್ನು ಫೇಸ್ ತಂತಿಗೆ ಹಾಕದೆ ನ್ಯೂಟ್ರಲ್‌ಗೆ ಹಾಕಿರಬಹುದು, ಇಲ್ಲವೇ ಸ್ವಿಚ್ಚಿನಲ್ಲೇ ಸಣ್ಣ ಕೆಂಪು ದೀಪ ಇರಬಹುದು. ತೊಟ್ಟು ತೊಟ್ಟಾಗಿ ಸೋರಿದ ಕರೆಂಟು ಕೆಪಾಸಿಟರನ್ನು ತುಂಬುತ್ತದೆ, ಬಲ್ಬು ಹೊತ್ತಲು ಹೋಗಿ ಆರುತ್ತದೆ. ಆ ಒಂದೊಂದು ಮಿಣುಕೂ ತಣ್ಣನೆಯ ಸುರುಳಿಗೆ ಬಿದ್ದ ಒಂದೊಂದು ಪೆಟ್ಟು. ಇಂಥ ಮನೆಯಲ್ಲಿ ಬದಲಾಯಿಸಬೇಕಾದದ್ದು ವೈರಿಂಗನ್ನು, ಬಲ್ಬಿನ ಕಂಪನಿಯನ್ನಲ್ಲ. ನ್ಯೂಟ್ರಲ್ ಮೇಲಿನ ಸ್ವಿಚ್ಚು ಜೀವಕ್ಕೂ ಅಪಾಯ, ಹೋಲ್ಡರಿಗೆ ಕೈ ಹಾಕುವವರು ನೆನಪಿಟ್ಟುಕೊಳ್ಳಬೇಕು.

ಇದೆಲ್ಲ ಕಂಪನಿಗಳ ಪರ ವಕಾಲತ್ತು, ಸತ್ಯವೆಂದರೆ ಪೇಟೆಯಲ್ಲಿ ಕಳಪೆ ಮಾಲೇ ತುಂಬಿತ್ತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಹಚ್ಚುವ ಮುನ್ನ ಸುರುಳಿಯನ್ನು ಅರೆ ಸೆಕೆಂಡೋ ಒಂದು ಸೆಕೆಂಡೋ ಕಾಯಿಸುವ ಪುಟ್ಟ ಬಿಡಿಭಾಗ ಒಂದಿದೆ, ಅದಿದ್ದರೆ ಬಲ್ಬು ಎಷ್ಟೋ ಪಟ್ಟು ಹೆಚ್ಚು ಸಲ ಹಚ್ಚುವುದನ್ನು ತಾಳಿಕೊಳ್ಳುತ್ತದೆ. ಅಗ್ಗದ ಬಲ್ಬುಗಳಲ್ಲಿ ಮೊದಲು ಕೈಬಿಡುವುದು ಇಂಥವನ್ನೇ. ಸ್ವಿಚ್ ಒತ್ತಿದ ತಕ್ಷಣ ಫಟ್ಟನೆ ಹೊತ್ತುವ ಬಲ್ಬು ಒಳ್ಳೆಯದು ಎಂದು ಗಿರಾಕಿಗಳೂ ನಂಬಿದ್ದರು. ಆದರೆ ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಬಲ್ಬುಗಳಲ್ಲಿ ಬಚ್ಚಲಿನದು ಬೇಗ ಹೋಗಿ ಜಗಲಿಯದು ಉಳಿದರೆ ಗುಣಮಟ್ಟದ ವಾದ ಅಲ್ಲಿಗೆ ನಿಲ್ಲುತ್ತದೆ. ನನ್ನ ಮಟ್ಟಿಗೆ, ಗಂಟೆಗಿಂತ ಗ್ಯಾರಂಟಿ ಹೆಚ್ಚು ಪ್ರಾಮಾಣಿಕ ಸಂಖ್ಯೆ. 6,000 ಗಂಟೆ ಎಂದು ಬರೆದು ಒಂದು ವರ್ಷದ ಗ್ಯಾರಂಟಿ ಕೊಟ್ಟರೆ, ದಿನಕ್ಕೆ ನಾಲ್ಕು ಗಂಟೆಯಂತೆ ಕಂಪನಿ ತನ್ನ ದುಡ್ಡಿನ ಹೊಣೆ ಹೊತ್ತಿರುವುದು 1,460 ಗಂಟೆಗೆ ಮಾತ್ರ.

ಬೇಗ ಹೋದರೂ ಕರೆಂಟು ಉಳಿಯಿತಲ್ಲ, ಆಯುಷ್ಯದ ಚರ್ಚೆ ಯಾಕೆ ಎಂಬುದು ಇನ್ನೊಂದು ಆಕ್ಷೇಪ, ಮತ್ತು ಇದೇ ಹೆಚ್ಚು ಗಟ್ಟಿಯಾದದ್ದು. ಸರ್ಕಾರದ ಯೋಜನೆಗಳು ನಿಂತಿದ್ದೂ ಇದರ ಮೇಲೆಯೇ. ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂ 2004–05ರ ಸುಮಾರಿಗೆ ಸಿಎಫ್‌ಎಲ್ ಬೆಲೆಯನ್ನು ಕರೆಂಟ್ ಬಿಲ್ಲಿನೊಂದಿಗೆ ಕಂತಿನಲ್ಲಿ ಕಟ್ಟುವ ಅವಕಾಶ ಕೊಟ್ಟಿತು. ಕೇಂದ್ರ ಸರ್ಕಾರ 2009ರಲ್ಲಿ ಬಚತ್ ಲ್ಯಾಂಪ್ ಯೋಜನೆ ತಂದು, ಬುರುಡೆ ಬಲ್ಬಿಗೆ ಬದಲಾಗಿ 15 ರೂಪಾಯಿಗೆ ಸಿಎಫ್‌ಎಲ್ ಕೊಡಿಸಿತು. 60 ವ್ಯಾಟಿನ ಜಾಗಕ್ಕೆ 14 ವ್ಯಾಟಿನದು ಬಂದರೆ ಉಳಿಯುವುದು 46 ವ್ಯಾಟ್. ದಿನಕ್ಕೆ ಐದು ಗಂಟೆ ದೀಪ ಉರಿಯುವ ಹಾಲ್‌ನಲ್ಲಿ ವರ್ಷಕ್ಕೆ ಸುಮಾರು 84 ಯೂನಿಟ್, ಯೂನಿಟ್ಟಿಗೆ 6 ರೂಪಾಯಿಯಂತೆ 500 ರೂಪಾಯಿ. ಅಲ್ಲಿ ಬಲ್ಬು ಒಂದೇ ವರ್ಷ ಬಾಳಿದರೂ ನಷ್ಟವಿಲ್ಲ. ಆದರೆ ಬಚ್ಚಲುಮನೆಯ ಲೆಕ್ಕ ಮಾಡಿ ನೋಡಿ. ದಿನಕ್ಕೆ ಒಂದೂಕಾಲು ಗಂಟೆಯಂತೆ ಐದು ತಿಂಗಳಿಗೆ ಉಳಿಯುವುದು ಎಂಟೊಂಬತ್ತು ಯೂನಿಟ್, ಐವತ್ತು ರೂಪಾಯಿ. ಪೇಟೆಯಲ್ಲಿ ಬಲ್ಬಿನ ಬೆಲೆ ನೂರು ನೂರೈವತ್ತು ಇತ್ತು. ಬಲ್ಬು ಬೇಗ ಹೋಗುವ ಜಾಗವೂ ಕರೆಂಟು ಉಳಿಯದ ಜಾಗವೂ ಒಂದೇ ಆಗಿಬಿಡುತ್ತದೆ. ಆಯುಷ್ಯ ಮುಖ್ಯವಲ್ಲ ಎನ್ನುವ ವಾದ ಹಾಲ್‌ಗೆ ಹೊಂದುತ್ತದೆ, ಬಚ್ಚಲಿಗೆ ಹೊಂದುವುದಿಲ್ಲ. ಮನೆಯ ಎಲ್ಲ ಬಲ್ಬುಗಳನ್ನೂ ಒಂದೇ ಸಲ ಬದಲಾಯಿಸಿ ಎಂದ ಪ್ರಚಾರಕರು ಈ ವ್ಯತ್ಯಾಸ ಹೇಳಿದ್ದರೆ ಸಿಎಫ್‌ಎಲ್ ಹೆಸರು ಇಷ್ಟು ಕೆಡುತ್ತಿರಲಿಲ್ಲ.

ಸಿಎಫ್‌ಎಲ್ ಕಾಲವೇ ಮುಗಿಯಿತಲ್ಲ ಎನ್ನಬಹುದು. ಹೌದು. ಪಾದರಸ ಕುರಿತ ಮಿನಮಾಟಾ ಒಪ್ಪಂದದ ದೇಶಗಳು 2022ರಲ್ಲಿ ಸೇರಿ, ಹಲಗೆ ಒಳಗೇ ಇರುವ ಮನೆಬಳಕೆಯ ಸಿಎಫ್‌ಎಲ್‌ಗಳ ತಯಾರಿಕೆಯನ್ನು 2025ಕ್ಕೆ ಕೊನೆಗಾಣಿಸಲು ಒಪ್ಪಿದವು. ಬಲ್ಬೊಂದರಲ್ಲಿ ಇರುವುದು ಕೆಲವೇ ಮಿಲಿಗ್ರಾಂ ಪಾದರಸ, ಆದರೂ ಅದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯಕ್ಕೇ ಕೊಡಬೇಕು. ಆದರೆ ಸಿಎಫ್‌ಎಲ್ ಜಾಗಕ್ಕೆ ಬಂದ ಎಲ್‌ಇಡಿ ಡಬ್ಬಿಯ ಮೇಲೆ ಈಗ 25,000 ಗಂಟೆ ಎಂದಿದೆ. ಇಷ್ಟು ಗಂಟೆ ನಿರಂತರ ಉರಿಸಿದರೂ ಮೂರು ವರ್ಷ ಸಮೀಪಿಸುತ್ತದೆ, ಮಾರುಕಟ್ಟೆಗೆ ಬರುವ ಮುನ್ನ ಅಷ್ಟು ಕಾಲ ಕಾಯುವವರು ವಿರಳ. ಎಲ್‌ಇಡಿ ಚಿಪ್ಪನ್ನು ಸಾಮಾನ್ಯವಾಗಿ 6,000 ಗಂಟೆ ಉರಿಸಿ, ಬೆಳಕು ಎಷ್ಟು ಕುಗ್ಗಿತು ಎಂದು ಅಳೆದು, ಅದು ಶೇ 70ಕ್ಕೆ ಇಳಿಯುವುದು ಯಾವಾಗ ಎಂದು ಲೆಕ್ಕ ಹಾಕುತ್ತಾರೆ. ಆ ಪರೀಕ್ಷೆಯಲ್ಲಿ ಇರುವುದು ಚಿಪ್ಪು ಮಾತ್ರ, ಬುಡದೊಳಗಿನ ಹಲಗೆ ಅದರಲ್ಲಿ ಸೇರಿಲ್ಲ, ಅನೇಕ ಎಲ್‌ಇಡಿ ಬಲ್ಬುಗಳ ಹಲಗೆಯ ಮೇಲೆ ಬಿಸಿಗೆ ಒಣಗುವ ಅದೇ ಕೆಪಾಸಿಟರ್ ಕೂತಿದೆ. ಹಚ್ಚಿ ಆರಿಸುವುದರಿಂದ ಎಲ್‌ಇಡಿಗೆ ಅಷ್ಟೇನೂ ಬಾಧೆಯಿಲ್ಲ, ಹಾಗಾಗಿ ಬಚ್ಚಲುಮನೆಗೆ ಧಾರಾಳವಾಗಿ ಹಾಕಬಹುದು. ಮುಚ್ಚಿದ ಗಾಜಿನ ಗೋಳದೊಳಗೆ ಹಾಕುವುದಾದರೆ 9 ವ್ಯಾಟಿನ ಬದಲು 5 ವ್ಯಾಟಿನದು ಸಾಕಾಗುತ್ತದೆಯೇ ಎಂದು ಮೊದಲು ನೋಡುವುದು ಒಳ್ಳೆಯದು.