ಎಕ್ಸ್‌ಪಿ ನಿಜಕ್ಕೂ ಅಷ್ಟು ಚೆನ್ನಾಗಿತ್ತೇ?

2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ್‍ಯಾಮ್ ಸಾಕಿತ್ತು. 2021ರ ವಿಂಡೋಸ್ 11 ಕೇಳುವುದು 4 ಜಿಬಿ, ಅಂದರೆ 64 ಪಟ್ಟು! ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇರೆ ಬೇಕು. ಅದಿಲ್ಲವೆಂದು ಚೆನ್ನಾಗಿ ಓಡುವ ಕಂಪ್ಯೂಟರನ್ನೂ ಮೂಲೆಗೆ ತಳ್ಳುವುದು ಅನ್ಯಾಯವೇ.

ಆದರೆ ಹಳೆಯದರ ಹುಳುಕೂ ಸಣ್ಣದಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ವರ್ಮ್ ಹಬ್ಬಿದಾಗ ಯಾವ ಫೈಲನ್ನೂ ತೆರೆಯಬೇಕಿರಲಿಲ್ಲ. ಇಂಟರ್ನೆಟ್ಟಿಗೆ ಜೋಡಿಸಿದರೆ ಸಾಕು, ಪರದೆಯ ಮೇಲೆ 60 ಸೆಕೆಂಡುಗಳ ಎಣಿಕೆ ಶುರುವಾಗಿ ಎಕ್ಸ್‌ಪಿ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ಫೈರ್‌ವಾಲ್ ಇತ್ತು, ಆನ್ ಆಗಿರಲಿಲ್ಲ! 2004ರ ಸರ್ವಿಸ್ ಪ್ಯಾಕ್ 2 ಅದನ್ನು ಸರಿಪಡಿಸಿತು.

2014ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿತು. ಇಂದು ಅದರಲ್ಲಿ ಬ್ಯಾಂಕ್ ವ್ಯವಹಾರ ಅಪಾಯ. ಆದರೂ ಕನ್ನಡಿಗರು ಅದನ್ನು ನೆನೆಯಲು ಕಾರಣವುಂಟು. ವಿಂಡೋಸ್ 98ರಲ್ಲಿ ಇಲ್ಲದಿದ್ದ ಯುನಿಕೋಡ್ ಕನ್ನಡ, ತುಂಗಾ ಫಾಂಟಿನ ಸಮೇತ ಎಕ್ಸ್‌ಪಿಯೊಂದಿಗೇ ಬಂತು.