ಓಡುವ ಗಾಲಿಗೆ ಕಡಿವಾಣ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಸೀಮೆ ಬತ್ತದ ನಾಡಾಯಿತು. ಸುಗ್ಗಿಯ ದಿನಗಳಲ್ಲಿ ಮುಕ್ಕುಂದದಿಂದ ಸಿಂಧನೂರಿಗೆ ಹೊರಟವರಿಗೆ ರಸ್ತೆಯ ಒಂದು ಮಗ್ಗುಲಲ್ಲಿ ಒಣಹಾಕಿದ ಬತ್ತ, ಇನ್ನೊಂದು ಮಗ್ಗುಲಲ್ಲಿ ಚೀಲ ಹೇರಿದ ಟ್ರ್ಯಾಕ್ಟರು, ನಡುವೆ ಕುರಿಹಿಂಡು ಎದುರಾಗುವುದು ಅಪರೂಪವಲ್ಲ. ಇಂಥ ದಾರಿಯಲ್ಲಿ ವಾಹನಕ್ಕೆ ಓಡುವ ಶಕ್ತಿಗಿಂತ ನಿಲ್ಲುವ ಶಕ್ತಿಯೇ ಹೆಚ್ಚು ಮುಖ್ಯ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಚಾಲಕನು ಕುರಿಮರಿಯನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿಯೇ ಅಷ್ಟು ದೂರ ಕಳೆದಿರುತ್ತದೆ.

1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್ ಕಾರನ್ನು ನೀವು ಕಂಡಿರಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು ಇದರ ಮೂಲ. ಹಳೆಯ ಅಂಬಾಸಡರುಗಳ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕುಗಳಿದ್ದವು. ಬೋಗುಣಿಯಂಥ ಕಬ್ಬಿಣದ ಡ್ರಮ್ಮು ಗಾಲಿಯೊಡನೆ ತಿರುಗುತ್ತದೆ. ಅದರ ಒಳಗೆ ಬಿಲ್ಲಿನಂತೆ ಬಾಗಿದ ಎರಡು ಪಟ್ಟಿಗಳಿವೆ. ಇವಕ್ಕೆ ಷೂ ಎಂದು ಹೆಸರು. ಪೆಡಲನ್ನು ತುಳಿದಾಗ ಷೂಗಳು ಅಗಲಗೊಂಡು ಡ್ರಮ್ಮಿನ ಒಳಮೈಗೆ ಒತ್ತಿಕೊಳ್ಳುತ್ತವೆ.

ಕಾಲಿನ ಒತ್ತಡವನ್ನು ಗಾಲಿಗೆ ಮುಟ್ಟಿಸುವುದು ಒಂದು ದ್ರವ. ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪ್ಯಾಸ್ಕಲ್ ಹೇಳಿದಂತೆ, ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಪೆಡಲಿಗೆ ಜೋಡಿಸಿದ ಪ್ರಧಾನ ಸಿಲಿಂಡರಿನಿಂದ ಸಣ್ಣ ಕೊಳವೆಗಳ ಮೂಲಕ ಆ ಒತ್ತಡ ಗಾಲಿಗಳನ್ನು ತಲುಪುತ್ತದೆ.

ಹಳೆಯ ಕಾರನ್ನು ಸರಿಪಡಿಸುವವರು ಮುಂಗಾಲಿಗಳಿಗೆ ಮೊದಲ ಗಮನ ಕೊಡುವುದೇಕೆ? ಬಸ್ಸಿನ ಚಾಲಕನು ಥಟ್ಟನೆ ಬ್ರೇಕು ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲವೆ? ಹಾಗೆಯೇ ವಾಹನದ ಭಾರವೂ ಮುಂದಕ್ಕೆ ವಾಲುತ್ತದೆ. ಆಗ ಹಿಂಗಾಲಿಗಳ ಹಿಡಿತ ಕುಗ್ಗಿ, ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂಗಾಲಿಗಳ ಮೇಲೆ ಬೀಳುತ್ತದೆ.

ಈ ಕೆಲಸವೆಂದರೆ ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು. 1100 ಕಿಲೋಗ್ರಾಂ ತೂಕದ ಕಾರು 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ ಸುಮಾರು ಒಂದೂವರೆ ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು! ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಡ್ರಮ್ಮಿನ ಮುಚ್ಚಿದ ಒಡಲಿನಿಂದ ಈ ಶಾಖ ಬೇಗ ಹೊರಬೀಳದು. ಘಾಟಿಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕು ತುಳಿದರೆ ಡ್ರಮ್ಮು ಕಾದು ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ. ಷೂಗಳ ಹೊದಿಕೆಯ ಘರ್ಷಣೆಯೂ ಕುಗ್ಗುತ್ತದೆ.

ಡಿಸ್ಕ್ ಬ್ರೇಕಿನಲ್ಲಿ ಗಾಲಿಯೊಡನೆ ತಿರುಗುವ ಬಿಲ್ಲೆಯನ್ನು ಎರಡು ಕಡೆಯಿಂದಲೂ ಇಕ್ಕಳದಂತೆ ಹಿಡಿಯಲಾಗುತ್ತದೆ. ಬಿಲ್ಲೆ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ, ಮಳೆಯ ನೀರನ್ನೂ ಸಿಡಿಸಿಬಿಡುತ್ತದೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲಿಯೇ ಇದರ ಹಕ್ಕುಪತ್ರ ಪಡೆದಿದ್ದನು. ಆದರೆ 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆಯೇ ಜಗತ್ತು ಇದರತ್ತ ಕಣ್ಣು ತೆರೆಯಿತು. ಅಂಬಾಸಡರಿನ ಕೊನೆಗಾಲದ ಮಾದರಿಗಳ ಮುಂಗಾಲಿಗಳಿಗೂ ಡಿಸ್ಕ್ ಬಂದವು.

ಹಾಗಾದರೆ ಹಳೆಯ ಕಾರಿಗೆ ಡಿಸ್ಕ್ ಜೋಡಿಸಿಬಿಟ್ಟರೆ ಆಯಿತೆ? ಇಲ್ಲಿ ಸ್ವಲ್ಪ ವಿವೇಚನೆ ಬೇಕು. ತಿರುಗುವ ಡ್ರಮ್ಮು ಷೂವನ್ನು ತನ್ನೊಡನೆ ಎಳೆದುಕೊಂಡು ತಾನೇ ಬಿಗಿಯಾಗಿಸುತ್ತದೆ. ಡಿಸ್ಕಿಗೆ ಈ ನೆರವಿಲ್ಲ. ಆದುದರಿಂದ ಎಂಜಿನ್ನಿನ ನಿರ್ವಾತದಿಂದ ಕೆಲಸಮಾಡುವ ಸರ್ವೋ ಎಂಬ ಸಹಾಯಕ ಸಾಧನವೂ ಸಾಮಾನ್ಯವಾಗಿ ಬೇಕಾಗುತ್ತದೆ. ಪ್ರಧಾನ ಸಿಲಿಂಡರನ್ನೂ ಹೊಂದುವಂತೆ ಬದಲಿಸಬೇಕು. ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಬೇರೆ ಬೇರೆ ಮಾರ್ಗವಿರುವ ಸಿಲಿಂಡರನ್ನು ಆರಿಸಿದರೆ ಒಂದು ಕೊಳವೆ ಒಡೆದರೂ ಇನ್ನೊಂದು ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಡಿಸ್ಕಿಗಿಂತ ದೊಡ್ಡ ಲಾಭ ಇದೇ. ಕಾರು ಕಡೆಗೆ ನಿಲ್ಲುವುದು ಟಯರು ನೆಲವನ್ನು ಹಿಡಿಯುವಷ್ಟರ ಮಟ್ಟಿಗೆ ಮಾತ್ರ. ಚೆಲ್ಲಿದ ಬತ್ತದ ಮೇಲೆ ಯಾವ ಬ್ರೇಕೂ ಪವಾಡ ಮಾಡದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ನಿರ್ಬಂಧ ಹಾಕಿರುವುದರಿಂದ ಸಾರಿಗೆ ಕಚೇರಿಯನ್ನು ಮೊದಲೇ ವಿಚಾರಿಸುವುದು ಲೇಸು.

ನಿಧಾನವಾಗಿ ಊರೂರು ಸುತ್ತುವ ಕಾರಿಗೆ ಡ್ರಮ್ಮುಗಳನ್ನೇ ಚೆನ್ನಾಗಿ ನವೀಕರಿಸಿದರೆ ಸಾಕಾಗಬಹುದು. ಗೀರು ಬಿದ್ದ ಡ್ರಮ್ಮನ್ನು ಅದಕ್ಕೆ ನಿಗದಿಯಾದ ಮಿತಿಯೊಳಗೆ ಲೇತಿನಲ್ಲಿ ಕಡೆಸಬೇಕು. ಷೂಗಳನ್ನು ಬದಲಿಸುವಾಗ ಎರಡು ಮುಂಗಾಲಿಗಳಿಗೂ ಒಟ್ಟಿಗೇ ಬದಲಿಸಬೇಕು. ಇಲ್ಲವಾದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ಹಳೆಯ ಹೊದಿಕೆಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಆದ್ದರಿಂದ ಧೂಳನ್ನು ಊದದೆ ಒದ್ದೆಬಟ್ಟೆಯಿಂದ ಒರಸಬೇಕು. ಸಿಲಿಂಡರಿನ ರಬ್ಬರು ಭಾಗಗಳನ್ನು ಸೀಮೆಎಣ್ಣೆಯಿಂದಲೋ ಪೆಟ್ರೋಲಿನಿಂದಲೋ ತೊಳೆಯುವ ರೂಢಿ ಕೆಲವೆಡೆ ಉಂಟು. ಹಾಗೆ ಮಾಡಿದರೆ ರಬ್ಬರು ಉಬ್ಬಿ ಕೆಡುತ್ತದೆ. ಅವನ್ನು ಹೊಸ ಬ್ರೇಕ್ ದ್ರವದಿಂದಲೇ ತೊಳೆಯಬೇಕು.

ಆ ದ್ರವವೂ ಸದಾ ಹೊಸದಾಗಿ ಉಳಿಯುವಂಥದಲ್ಲ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದಾಗ ಅದು 140ರ ಆಸುಪಾಸಿಗೆ ಇಳಿಯಬಹುದು. ದ್ರವ ಕುದಿದು ಆವಿಯಾದರೆ, ಆವಿಯನ್ನು ಅದುಮಬಹುದಾದುದರಿಂದ ಪೆಡಲು ಮೆತ್ತಗೆ ಕೆಳಗಿಳಿಯುತ್ತದೆ, ಗಾಲಿ ನಿಲ್ಲುವುದಿಲ್ಲ. ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದರೂ ಇದೇ ಗತಿ. ಆದುದರಿಂದ ಕೆಲಸ ಮುಗಿದ ಮೇಲೆ ಒಬ್ಬನು ಪೆಡಲನ್ನು ತುಳಿಯುತ್ತಿರಲು, ಇನ್ನೊಬ್ಬನು ಗಾಲಿಯ ಬಳಿಯ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ದ್ರವ ಬರುವವರೆಗೂ ಗಾಳಿಯನ್ನು ಹೊರಬಿಡಬೇಕು. ಅನಂತರ ಕಾರನ್ನು ನಿಲ್ಲಿಸಿದಲ್ಲಿಯೇ ಪೆಡಲನ್ನು ಹಲವು ಬಾರಿ ತುಳಿದು, ಅದು ಕಾಲಿಗೆ ಗಟ್ಟಿಯಾಗಿ ಎದುರು ಕೊಟ್ಟ ಮೇಲೆಯೇ ಗಾಡಿಯನ್ನು ರಸ್ತೆಗೆ ಇಳಿಸುತ್ತಾರೆ.