ಮಾಸ್ಕ್ ಹಾಕಿದವರ ಲೆಕ್ಕ ಹಿಡಿಯುವುದು ಹೇಗೆ?

ಕೆಲಸದ ಜಾಗದಲ್ಲಿ ಹೆಲ್ಮೆಟ್, ಗ್ಲೌಸ್, ಮಾಸ್ಕ್‌ಗಳನ್ನು ಎಷ್ಟು ಮಂದಿ ಬಳಸುತ್ತಾರೆ ಎಂದು ತಿಳಿಯಲು ಎಲ್ಲ ಕಾರ್ಖಾನೆಗಳನ್ನೂ ಸುತ್ತಲಾಗದು. ಕೆಲವನ್ನು ಆರಿಸಿಕೊಂಡು, ಅವುಗಳಿಂದ ಉಳಿದವನ್ನು ಅಂದಾಜು ಮಾಡಬೇಕು. ಎಷ್ಟು ಮಂದಿಯನ್ನು ಕೇಳಬೇಕು ಎಂಬುದು ಸುಲಭದ ಲೆಕ್ಕ. ಯಾರನ್ನು, ಯಾವ ಪಟ್ಟಿಯಿಂದ ಆರಿಸಬೇಕು ಎಂಬುದೇ ಕಷ್ಟದ್ದು.

ಅಮೆರಿಕದಲ್ಲಿ 2001ರಲ್ಲಿ ಸರ್ಕಾರಿ ಸಂಸ್ಥೆಗಳು ಸುಮಾರು 40,000 ಖಾಸಗಿ ಉದ್ಯಮಗಳಿಗೆ ಪ್ರಶ್ನಾವಳಿ ಕಳಿಸಿ, ಉಸಿರಾಟಕ್ಕೆ ರಕ್ಷಣೆ ಕೊಡುವ ರೆಸ್ಪಿರೇಟರ್‌ಗಳ ಬಳಕೆಯನ್ನು ಅಳೆದವು. ಕೆಲಸಕ್ಕೆ ಅಗತ್ಯವೆಂದು ಅದನ್ನು ಬಳಸುತ್ತಿದ್ದ ಉದ್ಯಮಗಳು ಶೇ. 4.5ರಷ್ಟು ಮಾತ್ರ. ಹೀಗಿರುವಾಗ ಸುಮ್ಮನೆ ಚೀಟಿ ಎತ್ತಿ 1,000 ಉದ್ಯಮಗಳನ್ನು ಆರಿಸಿದರೆ ಕೈಗೆ ಸಿಗುವುದು 45ರ ಆಸುಪಾಸು. ಉಳಿದ ಕಡೆ ಕೇಳುವುದಕ್ಕೆ ಏನೂ ಇರುವುದಿಲ್ಲ.

ಆದ್ದರಿಂದ ಉದ್ಯಮಗಳನ್ನು ಮೊದಲೇ ಅಪಾಯಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಗಣಿ, ಕಟ್ಟಡ ಕೆಲಸ, ಪೇಂಟಿಂಗ್ ಒಂದು ಕಡೆ. ಅಂಗಡಿ, ಕಚೇರಿ ಇನ್ನೊಂದು ಕಡೆ. ಮೊದಲನೆಯದರಲ್ಲಿ ಹತ್ತಕ್ಕೊಂದು, ಎರಡನೆಯದರಲ್ಲಿ ಇನ್ನೂರಕ್ಕೊಂದು ಆರಿಸಿದರೆ, ಕೂಡುವಾಗ ಮೊದಲನೆಯದರ ಉತ್ತರವನ್ನು 10ರಿಂದ, ಎರಡನೆಯದನ್ನು 200ರಿಂದ ಗುಣಿಸಬೇಕು. ಇದನ್ನು ಮರೆತರೆ ಇಡೀ ದೇಶವೇ ಮಾಸ್ಕ್ ಹಾಕಿಕೊಂಡಂತೆ ಕಾಣುತ್ತದೆ.

ಇನ್ನೊಂದು ತೊಡಕು, ಒಂದೇ ಕಡೆ ಕೆಲಸ ಮಾಡುವವರ ಅಭ್ಯಾಸ ಒಂದೇ ಬಗೆಯದಾಗಿರುವುದು. ಮೇಸ್ತ್ರಿ ಬಿಗಿಯಾಗಿದ್ದರೆ ಎಲ್ಲರ ತಲೆಯ ಮೇಲೂ ಹೆಲ್ಮೆಟ್, ಸಡಿಲವಾಗಿದ್ದರೆ ಯಾರಿಗೂ ಇಲ್ಲ. ಶೇ. 5ರಷ್ಟು ಆಚೀಚೆಯಾಗಬಹುದಾದ, ಶೇ. 95ರಷ್ಟು ಭರವಸೆಯ ಅಂದಾಜಿಗೆ ಬಿಡಿಬಿಡಿಯಾಗಿ ಆರಿಸಿದ 385 ಮಂದಿ ಸಾಕು. ಆದರೆ ಒಂದೊಂದು ಸೈಟಿನಿಂದ 20 ಮಂದಿಯಂತೆ ತೆಗೆದುಕೊಂಡು, ಅವರ ನಡುವಿನ ಹೋಲಿಕೆಯ ಸೂಚಿ 0.1 ಇದ್ದರೂ ಸಾಕು, ಬೇಕಾದ ಸಂಖ್ಯೆ 2.9 ಪಟ್ಟಾಗಿ 1,100 ದಾಟುತ್ತದೆ. ಸೈಟುಗಳನ್ನು ಹೆಚ್ಚಿಸಿ, ಒಂದೊಂದು ಕಡೆ ಕಡಿಮೆ ಮಂದಿಯನ್ನು ಕೇಳುವುದೇ ಜಾಣತನ. ಓಡಾಟದ ಖರ್ಚು ಮಾತ್ರ ಏರುತ್ತದೆ.

ಪಟ್ಟಿಯದ್ದೂ ಒಂದು ಕಥೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಮೂಲ ವ್ಯಾಖ್ಯೆಯಂತೆ, ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಕಾರ್ಮಿಕರಿದ್ದರೆ ಮಾತ್ರ ಅದು ಕಾರ್ಖಾನೆಯಾಗಿತ್ತು. ನಾಲ್ಕೈದು ಜನ ಕಲ್ಲು ಕೊರೆಯುವ ಶೆಡ್ಡು ಆ ಲೆಕ್ಕಕ್ಕೂ, ಹಾಗಾಗಿ ಕಾರ್ಖಾನೆಗಳ ಪಟ್ಟಿಗೂ ಬರುತ್ತಿರಲಿಲ್ಲ. ಹೆಚ್ಚು ದೂಳು ಕುಡಿಯುವವರು ಅಂಥ ಕಡೆಯೇ ಇರಬಹುದು. ಅವರನ್ನು ಹಿಡಿಯಲು ನಕ್ಷೆಯಲ್ಲಿ ಪ್ರದೇಶಗಳನ್ನು ಆರಿಸಿ, ಬೀದಿ ಬೀದಿ ನಡೆದು ಹೊಸ ಪಟ್ಟಿ ಮಾಡಬೇಕು.

ಆರಿಸಬೇಕಾದದ್ದು ಜನರನ್ನಷ್ಟೇ ಅಲ್ಲ, ಹೊತ್ತನ್ನೂ. ಬೆಳಿಗ್ಗೆ ಹತ್ತಕ್ಕೆ ಕಂಡ ಶಿಸ್ತು ರಾತ್ರಿ ಪಾಳಿಯಲ್ಲಿ ಇರಲಾರದು. ಗದ್ದಕ್ಕೆ ಇಳಿಸಿದ ಮಾಸ್ಕನ್ನು ಹಾಕಿದ್ದೆಂದು ಬರೆಯಬೇಕೆ, ಬೇಡವೆ ಎಂಬುದನ್ನೂ ಮೊದಲೇ ತೀರ್ಮಾನಿಸಿರಬೇಕು.

ಅಮೆರಿಕದ ಆ ಸಮೀಕ್ಷೆಗೆ ಉತ್ತರ ಬಂದದ್ದು ಸುಮಾರು ನಾಲ್ಕರಲ್ಲಿ ಮೂರು ಪಾಲು ಉದ್ಯಮಗಳಿಂದ. ಯಾವುದೇ ಸಮೀಕ್ಷೆಯಲ್ಲಿ ಉತ್ತರಿಸದವರೇ ಸಾಧನ ಕೊಡದವರೂ ಆಗಿದ್ದರೆ, ಮಾದರಿಯನ್ನು ಎಷ್ಟು ಹಿಗ್ಗಿಸಿದರೂ ಆ ತಪ್ಪು ಸರಿಹೋಗುವುದಿಲ್ಲ.